ಆ ಐಪಿ ಯಾರ ಮನೆಯದು? ಮೂರು ಬಗೆಯ ಪ್ರಾಕ್ಸಿ ಬಳಸಿ ನೋಡಿದೆ

ಪ್ರಾಕ್ಸಿ ಅಂದರೆ ನಮಗೂ ಸೈಟಿಗೂ ನಡುವೆ ನಿಲ್ಲುವ ಮಧ್ಯವರ್ತಿ ಯಂತ್ರ; ಸೈಟಿಗೆ ಕಾಣುವುದು ನಮ್ಮದಲ್ಲ, ಅದರ ಐಪಿ, ಅಂದರೆ ಇಂಟರ್ನೆಟ್ ವಿಳಾಸ. ನಾನು ಕೊನೆಗೆ ಉಳಿಸಿಕೊಂಡಿದ್ದು ಡೇಟಾಸೆಂಟರ್ ಪ್ರಾಕ್ಸಿ, ಅಂದರೆ ಸರ್ವರ್‌ಗಳನ್ನು ಇಟ್ಟಿರುವ ಕೇಂದ್ರದ ಯಂತ್ರ. ನನ್ನ ಕೆಲಸ ಸಣ್ಣದು: ಆನ್‌ಲೈನ್ ಅಂಗಡಿಗಳಲ್ಲಿ ಎಲ್ಲರಿಗೂ ಕಾಣುವ ಬೆಲೆಗಳನ್ನು ದಿನಕ್ಕೊಮ್ಮೆ ಬರೆದಿಟ್ಟುಕೊಳ್ಳುವುದು. ಲಾಗಿನ್ ಬೇಕಿಲ್ಲ, ಯಾರ ಹೆಸರೂ ಬೇಕಿಲ್ಲ. ಆದರೂ ಮೊದಲು ದುಡ್ಡು ಸುರಿದಿದ್ದು ರೆಸಿಡೆನ್ಶಿಯಲ್ ಪ್ರಾಕ್ಸಿಗೆ.

ಅದರಲ್ಲಿ ನಮ್ಮ ರಿಕ್ವೆಸ್ಟ್ ಬೇರೆ ಯಾರದೋ ಮನೆಯ ರೂಟರ್ ಅಥವಾ ಮೊಬೈಲ್ ಮೂಲಕ ಹೋಗುತ್ತದೆ. ಸೈಟಿಗೆ ಅದು ಮಾಮೂಲಿ ಗ್ರಾಹಕರಂತೆ ಕಾಣುವುದರಿಂದ ತಡೆ ಕಡಿಮೆ. ಕೆಲಸವೇನೋ ಚೆನ್ನಾಗಿಯೇ ಆಯಿತು. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಮನೆಯವರಿಗೆ ಇದು ಗೊತ್ತಾ?

ಐಪಿಗಳು ಎಲ್ಲಿಂದ ಬರುತ್ತವೆ, ಒಪ್ಪಿಗೆ ಹೇಗೆ ಪಡೆಯುತ್ತೀರಿ ಎಂದು ಮಾರಿದವರಿಗೆ ಮೇಲ್ ಹಾಕಿದೆ. 'ಎಲ್ಲವೂ ಒಪ್ಪಿಗೆ ಪಡೆದವೇ' ಎಂದು ಒಂದು ಸಾಲಿನ ಉತ್ತರ ಬಂತು. ಯಾವ ಆ್ಯಪ್ ಮೂಲಕ ಜನರ ಐಪಿ ಪಡೆಯುತ್ತೀರಿ, ಒಪ್ಪಿಗೆ ಕೇಳುವ ಸ್ಕ್ರೀನ್ ಹೇಗಿದೆ ತೋರಿಸಿ ಅಂದೆ. ರಿಯಾಯಿತಿ ಕೂಪನ್ ಕಳಿಸಿದರು. ಮೂರನೇ ಮೇಲ್‌ಗೆ ಉತ್ತರವೇ ಇಲ್ಲ. ನಾನು ಯಾರು, ಇದು ಯಾಕೆ ಬೇಕು ಎಂದು ಅವರೂ ಒಮ್ಮೆಯೂ ಕೇಳಿರಲಿಲ್ಲ. ಏನೂ ಕೇಳದೆ ನನಗೆ ಕೊಟ್ಟವರು ಕಳ್ಳನಿಗೂ ಹಾಗೇ ಕೊಟ್ಟಿರುತ್ತಾರೆ, ಅಲ್ವಾ?

ಇದು ಸುಮ್ನೆ ಹುಟ್ಟಿದ ಅನುಮಾನವಲ್ಲ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ 911 ಎಸ್5 ಎಂಬ ಜಾಲವನ್ನು ಮುರಿದ ಸುದ್ದಿ ಹೊರಗೆ ಬಂತು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್ ತರಹದ ಉಚಿತ ವಿಪಿಎನ್ (ನಮ್ಮ ಐಪಿ ಮರೆಮಾಡುವ ತಂತ್ರಾಂಶ) ಹಾಕಿಕೊಂಡವರ ಕಂಪ್ಯೂಟರುಗಳೇ ಅವರಿಗೆ ತಿಳಿಯದಂತೆ ಪ್ರಾಕ್ಸಿಗಳಾಗಿದ್ದವು. 1.9 ಕೋಟಿಗೂ ಹೆಚ್ಚು ಐಪಿಗಳು, ಸುಮಾರು 200 ದೇಶ. ಅವುಗಳ ಮರೆಯಲ್ಲಿ ಹಣದ ವಂಚನೆ, ಬಾಂಬ್ ಬೆದರಿಕೆ ಎಲ್ಲ ನಡೆದಿದ್ದವು. ಪೊಲೀಸರು ಐಪಿಯ ಜಾಡು ಹಿಡಿದು ಹೊರಟರೆ ಮೊದಲು ತಲುಪುವುದು ಏನೂ ಅರಿಯದ ಆ ಮನೆಗೆ. ಇದನ್ನು ಓದಿದ ದಿನವೇ ನನ್ನ ಪ್ಲಾನ್ ರದ್ದು ಮಾಡಿದೆ. ಮೊದಲೇ ದುಡ್ಡು ಕೊಟ್ಟು ಬಳಸದೆ ಉಳಿದಿದ್ದ ಜಿಬಿಗಳು ಹೋದವು, ಹೋಗಲಿ.

ಹಾಗಂತ ಪ್ರಾಕ್ಸಿ ಬಳಸುವುದೇ ಅಪರಾಧವಲ್ಲ. ಬಹಳಷ್ಟು ದೇಶಗಳಲ್ಲಿ ಕಾನೂನು ನೋಡುವುದು ಅದರಿಂದ ಏನು ಮಾಡಿದಿರಿ ಎಂಬುದನ್ನು. 2024ರ ಜನವರಿಯಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಮತ್ತು ಪ್ರಾಕ್ಸಿ ಮಾರುವ ಕಂಪನಿ ಬ್ರೈಟ್ ಡೇಟಾ ನಡುವಿನ ಕೇಸಿನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟು, ಲಾಗಿನ್ ಆಗದೆ ಸಾರ್ವಜನಿಕ ಮಾಹಿತಿ ತೆಗೆಯುವುದನ್ನು ಮೆಟಾದ ಷರತ್ತುಗಳು ತಡೆಯುವುದಿಲ್ಲ ಎಂದಿತು. ಲಾಗಿನ್ ಆದರೆ ಕತೆ ಬೇರೆ. ಯುರೋಪಿನ ಜನರ ವೈಯಕ್ತಿಕ ವಿವರ ಇದ್ದರಂತೂ ಅಲ್ಲಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಅನ್ವಯಿಸಬಹುದು, ಅದು ಎಲ್ಲರಿಗೂ ಕಾಣುವ ಪುಟದಲ್ಲಿದ್ದರೂ ಸರಿ.

ಐಎಸ್‌ಪಿ ಪ್ರಾಕ್ಸಿಯನ್ನೂ ಒಂದು ತಿಂಗಳು ನೋಡಿದೆ. ಯಂತ್ರ ಡೇಟಾಸೆಂಟರಿನಲ್ಲಿ, ಐಪಿ ಮಾತ್ರ ಇಂಟರ್ನೆಟ್ ಕಂಪನಿಯ ಹೆಸರಿನಲ್ಲಿ. ವೇಗ ಇದೆ, ಯಾರ ಮನೆಯೂ ನಡುವೆ ಬರುವುದಿಲ್ಲ. ನನ್ನ ಬಜೆಟ್‌ಗೆ ಜಾಸ್ತಿಯಾಯಿತು.

ಡೇಟಾಸೆಂಟರ್ ಪ್ರಾಕ್ಸಿಯನ್ನು ಸೈಟುಗಳು ಬೇಗ ಗುರುತಿಸುತ್ತವೆ, ನಿಜ. ಮೊದಲ ವಾರ 429 ಎರರ್ ಸಾಲುಸಾಲಾಗಿ ಬಂತು. ಅದರ ಅರ್ಥ 'ಜಾಸ್ತಿ ಕೇಳುತ್ತಿದ್ದೀಯ, ನಿಧಾನಿಸು' ಎಂದಷ್ಟೇ. ಐಪಿ ಬದಲಿಸಿ ಓಡುವ ಬದಲು ನಿಧಾನಿಸಿದೆ. ಪ್ರತಿ ಪುಟಕ್ಕೂ ಹತ್ತು ಸೆಕೆಂಡು ಬಿಡುವು, ರೋಬೋಟ್ಸ್ ಫೈಲಿನಲ್ಲಿ (ಯಂತ್ರಗಳು ಯಾವ ಪುಟ ನೋಡಬಾರದು ಎಂದು ಸೈಟು ಬರೆದಿಡುವ ಕಡತ) ಬೇಡ ಎಂದಿರುವ ಪುಟ ಮುಟ್ಟುವುದಿಲ್ಲ, ಯೂಸರ್ ಏಜೆಂಟಿನಲ್ಲಿ (ನನ್ನ ಪ್ರೋಗ್ರಾಂ ಸೈಟಿಗೆ ಹೇಳುವ ಪರಿಚಯ) ನನ್ನ ಮೇಲ್ ವಿಳಾಸ. ರಾತ್ರಿ ಶುರು ಮಾಡಿದರೆ ಬೆಳಿಗ್ಗೆಗೆ ಮುಗಿದಿರುತ್ತದೆ, ನನಗೆ ಅಷ್ಟು ಸಾಕು. ಜಿಬಿ ಲೆಕ್ಕವಿಲ್ಲ, ಐಪಿಗಿಷ್ಟು ಅಂತ ಬಿಲ್.

ಬೇರೆ ದೇಶದವರಿಗೆ ಬೆಲೆ ಹೇಗೆ ಕಾಣುತ್ತದೆ ಎಂದು ನೋಡಬೇಕಾದಾಗ ಮಾತ್ರ ಈಗಲೂ ಮನೆಯ ಐಪಿ ಬೇಕಾಗುತ್ತದೆ. ಅದಕ್ಕೆ ಪ್ರಾಕ್ಸಿ ಮಾರುವ ಬೇರೊಬ್ಬರನ್ನು ಹಿಡಿದಿದ್ದೇನೆ. ಐಪಿ ಕೊಡುವವರಿಗೆ ದುಡ್ಡು ಕೊಡುತ್ತಾರೆ, ಒಪ್ಪಿಗೆಯ ಸ್ಕ್ರೀನ್ ಕೇಳಿದ ಕೂಡಲೇ ತೋರಿಸಿದರು. ಖಾತೆ ತೆರೆಯುವ ಮೊದಲು ನನ್ನ ಗುರುತಿನ ಚೀಟಿಯನ್ನೂ ಕೇಳಿದರು.