‘2000 ಸೆಷನ್’ ಅಂತ ಬರೆದ ಟನೆಲ್ ಬಾಕ್ಸ್ ನಂಬಿ ದುಡ್ಡು ಕೊಡಬೇಡಿ

ಡಯಲ್-ಅಪ್ ಕರೆಗಳಿಗೆ (ಮೋಡೆಮ್‌ನಿಂದ ಫೋನ್ ಲೈನ್ ಮೇಲೆ ಬರುವ ಡೇಟಾ ಕರೆ) ಎಲ್2ಟಿಪಿ ಟನೆಲ್ ಬಾಕ್ಸ್, ಅಂದರೆ ಆ ಕರೆಗಳನ್ನು ಐಪಿ ನೆಟ್‌ವರ್ಕ್ ಮೇಲೆ ಹೊತ್ತು ತರುವ ಟನೆಲ್‌ನ ಕೊನೆಯಲ್ಲಿ ಕೂರುವ ಯಂತ್ರ, ಕೊಳ್ಳುವ ಯೋಚನೆ ಇದ್ದರೆ, ಅದರಲ್ಲೂ ರಿಫರ್ಬಿಶ್ಡ್ ಮಾಲು ನೋಡುತ್ತಿದ್ದರೆ, ಇದನ್ನು ಓದಿ ಮುಂದೆ ಹೋಗಿ. ನಮಗೆ ಮಾರಿದ ಬಾಕ್ಸ್‌ನ ಡೇಟಾಶೀಟ್‌ನಲ್ಲಿ 2000 ಸೆಷನ್ (ಒಂದು ಕರೆಗೆ ಒಂದು ಸೆಷನ್) ಅಂತಿತ್ತು. ನಮ್ಮದು 300 ಲೈನ್ ಅಷ್ಟೇ. ಆದರೂ ಬಾಕ್ಸ್ ಮಲಗಿತು.

ಈ ಕಾಲದಲ್ಲೂ ಡಯಲ್-ಅಪ್ಪಾ ಅಂತ ನಗುವವರು ನಗಲಿ. ಹಳೆಯ ಕಾರ್ಡ್ ಉಜ್ಜುವ ಯಂತ್ರ, ದೂರದ ಮೀಟರ್ ಇವೆಲ್ಲ ಇನ್ನೂ ಮೋಡೆಮ್ ಬಿಟ್ಟಿಲ್ಲ. ನಮ್ಮ ಏರ್ಪಾಡು ಇಷ್ಟು: ಟೆಲಿಕಾಂ ಕಂಪನಿ ಕಡೆ ಕರೆ ಎತ್ತುವ ಎಲ್‌ಎಸಿ, ನಮ್ಮ ಕಡೆ ಟನೆಲ್ ಬಂದು ಮುಗಿಯುವ ಎಲ್‌ಎನ್‌ಎಸ್. ಹತ್ತು ಇ1 ಪಿಆರ್‌ಐ (ಹಲವು ಕರೆ ಒಟ್ಟಿಗೆ ಹೊರುವ ಡಿಜಿಟಲ್ ಫೋನ್ ಸಂಪರ್ಕ), ಒಂದೊಂದರಲ್ಲಿ 30 ಚಾನೆಲ್.

ಮಾರುವವನು ಹೇಳದೇ ಬಿಟ್ಟ ವಿಷಯ ಇಲ್ಲಿದೆ. 2000 ಅನ್ನೋದು ಬಾಕ್ಸ್ ಎಷ್ಟು ಸೆಷನ್ ಹಿಡಿದುಕೊಂಡು ಸುಮ್ನೆ ಕೂರಬಲ್ಲದು ಅನ್ನುವ ಲೆಕ್ಕ. ಸೆಕೆಂಡಿಗೆ ಎಷ್ಟು ಹೊಸ ಸೆಷನ್ ಎಬ್ಬಿಸಬಲ್ಲದು ಅನ್ನೋದು ಬೇರೆಯೇ ಲೆಕ್ಕ, ಅದು ಡೇಟಾಶೀಟ್‌ನಲ್ಲಿ ಎಲ್ಲೂ ಇರಲಿಲ್ಲ. ಹಿಂದೆ ಮನೆಗಳಿಂದ ಇಂಟರ್ನೆಟ್‌ಗೆ ಡಯಲ್ ಮಾಡಿದವರು ಗಂಟೆಗಟ್ಟಲೆ ಇರುತ್ತಿದ್ದರು. ಕಾರ್ಡ್ ಯಂತ್ರ ಅರ್ಧ ನಿಮಿಷದಲ್ಲಿ ಕೆಲಸ ಮುಗಿಸಿ ಫೋನ್ ಇಡುತ್ತದೆ. 300 ಲೈನ್ ತುಂಬಿದ್ದು, ಒಂದೊಂದು ಕರೆ 30 ಸೆಕೆಂಡ್ ಅಂದರೆ, ಸೆಕೆಂಡಿಗೆ 10 ಕರೆ ಬರುತ್ತವೆ, 10 ಹೋಗುತ್ತವೆ. ಪ್ರತಿಯೊಂದಕ್ಕೂ ಪಿಪಿಪಿ (ಮೋಡೆಮ್ ಕರೆಯ ಮೇಲೆ ಐಪಿ ಹೊರುವ ಪ್ರೊಟೊಕಾಲ್) ಮಾತುಕತೆ, ರೇಡಿಯಸ್‌ಗೆ (ಪಾಸ್‌ವರ್ಡ್ ನೋಡಿ, ಕರೆಯ ಲೆಕ್ಕ ಇಡುವ ಸರ್ವರ್) ಪಾಸ್‌ವರ್ಡ್ ವಿಚಾರಣೆ, ಐಪಿ ವಿಳಾಸ, ಅಕೌಂಟಿಂಗ್‌ಗೆ ಶುರು ಒಂದು, ಕೊನೆ ಒಂದು. ಸಿಪಿಯು ಶೇಕಡ ನೂರಕ್ಕೆ ಮುಟ್ಟಿತು.

ಅಲ್ಲಿಗೇ ನಿಂತಿದ್ದರೆ ಸಹಿಸಬಹುದಿತ್ತು. ಸಿಪಿಯು ಬಿಡುವಿಲ್ಲದಾಗ ಟನೆಲ್‌ನ ಕಂಟ್ರೋಲ್ ಮೆಸೇಜ್‌ಗೆ ಉತ್ತರ ಹೋಗಲ್ಲ. ಎಲ್‌ಎಸಿ ಅದೇ ಮೆಸೇಜನ್ನು ಮತ್ತೆ ಕಳಿಸುತ್ತದೆ, ಮೊದಲು 1 ಸೆಕೆಂಡ್ ಬಿಟ್ಟು, ಆಮೇಲೆ ದುಪ್ಪಟ್ಟು ದುಪ್ಪಟ್ಟು ಬಿಟ್ಟು. ಸಾಮಾನ್ಯವಾಗಿ ಐದು ಸಲ ಕಳಿಸಿದರೂ ಉತ್ತರ ಬರದಿದ್ದರೆ ಟನೆಲ್ ಸತ್ತಿದೆ ಅಂದುಕೊಂಡು ಕೆಡವುತ್ತದೆ. ಟನೆಲ್ ಬಿದ್ದರೆ ಅದರೊಳಗಿನ ಅಷ್ಟೂ ಸೆಷನ್ ಹೋಯಿತು. ಕರೆ ಕಳೆದುಕೊಂಡ ಯಂತ್ರಗಳೆಲ್ಲ ಒಟ್ಟಿಗೆ ಮತ್ತೆ ಡಯಲ್ ಮಾಡುತ್ತವೆ. ಸಿಪಿಯು ಮತ್ತೆ ನೂರು, ಟನೆಲ್ ಮತ್ತೆ ನೆಲಕ್ಕೆ. ಎಲ್‌ಎಸಿ ಕಡೆಯವರಿಗೆ ಹೇಳಿ ಅರ್ಧ ಪಿಆರ್‌ಐ ಮುಚ್ಚಿಸಿ, ಒಂದೊಂದಾಗಿ ಬಿಡಿಸಿದ ಮೇಲೇ ಅದು ಸುಧಾರಿಸಿಕೊಂಡಿದ್ದು. ಎಲ್ಲ ಕರೆಗಳನ್ನೂ ಒಂದೇ ಟನೆಲ್‌ಗೆ ತುಂಬಬೇಡಿ. ಒಂದು ಟನೆಲ್‌ನಲ್ಲಿ 65,535 ಸೆಷನ್ ಹಿಡಿಯುತ್ತೆ ಅಂತ ಮಾರುವವರು ಹೇಳುತ್ತಾರೆ. ಅದು ಸೆಷನ್ ಐಡಿ 16 ಬಿಟ್ ಇರೋದರಿಂದ ಬಂದ ಸಂಖ್ಯೆ, ಬಾಕ್ಸ್‌ನ ತಾಕತ್ತಿಗೂ ಅದಕ್ಕೂ ಸಂಬಂಧವಿಲ್ಲ.

ಹೊಂದಾಣಿಕೆಯದು ಇನ್ನೊಂದು ಗೋಳು. ಕೆಲವು ಹಳೆಯ ಯಂತ್ರಗಳ ಕರೆ ಮಾತ್ರ ಉಳಿಯುತ್ತಲೇ ಇರಲಿಲ್ಲ. ಲಾಗ್ ನೋಡಿದರೆ ಟನೆಲ್ ಚೆನ್ನಾಗಿದೆ, ಸೆಷನ್ ಎದ್ದಿದೆ. ಆಮೇಲೆ ನಮ್ಮ ಬಾಕ್ಸ್‌ನಿಂದ ಎಲ್‌ಸಿಪಿ ಕಾನ್ಫಿಗರ್ ರಿಕ್ವೆಸ್ಟ್ (ಸಂಪರ್ಕದ ಷರತ್ತು ಗೊತ್ತುಮಾಡಿಕೊಳ್ಳುವ ಪಿಪಿಪಿಯ ಮೊದಲ ಹಂತದ ಕೋರಿಕೆ), 3 ಸೆಕೆಂಡ್ ಬಿಟ್ಟು ಇನ್ನೊಂದು, ಮತ್ತೊಂದು. ಆ ಕಡೆಯಿಂದ ಸದ್ದಿಲ್ಲ, ಆಮೇಲೆ ಕರೆ ಕಟ್. ಆಗಿದ್ದೇನಂದರೆ, ಎಲ್‌ಎಸಿ ಮೊದಲೇ ಮೋಡೆಮ್ ಜೊತೆ ಎಲ್‌ಸಿಪಿ ಮುಗಿಸಿ, ಹೆಸರು ಪಾಸ್‌ವರ್ಡ್ ಇಸಕೊಂಡು, ಆ ವಿವರವನ್ನೆಲ್ಲ ಪ್ರಾಕ್ಸಿ ಎಲ್‌ಸಿಪಿ ಅಂತ ನಮಗೆ ದಾಟಿಸುತ್ತಿತ್ತು. ನಮ್ಮ ಬಾಕ್ಸ್ ಅದನ್ನು ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡುತ್ತಿತ್ತು. ಹಳೆಯ ಯಂತ್ರಕ್ಕೆ ಅದು ಅರ್ಥವೇ ಆಗುತ್ತಿರಲಿಲ್ಲ. ಮಾರಿದವರಿಗೆ ದೂರು ಕೊಟ್ಟರೆ “ಆರ್‌ಎಫ್‌ಸಿ 2661 ಪ್ರಕಾರ ಸರಿಯಾಗೇ ಇದೆ ಸಾರ್” ಅಂದರು. ನಿಜ, ಅದು ಎಲ್2ಟಿಪಿಯ ನಿಯಮಪತ್ರ, ಮತ್ತೆ ಶುರು ಮಾಡಲು ಅದರಲ್ಲಿ ಅವಕಾಶ ಇದೆ. ಕರೆ ಮಾತ್ರ ಉಳಿಯಲ್ಲ, ಅಲ್ವಾ?

ಎಲ್2ಟಿಪಿಯ ಯುಡಿಪಿ 1701 ಪೋರ್ಟ್‌ಗೆ ಪ್ಯಾಕೆಟ್ ಬರ್ತಿದೆ ಅಂತ ಖುಷಿಪಡುವ ಹಾಗೂ ಇಲ್ಲ. ಅದಕ್ಕಿಂತ ಹಳೆಯ ಟನೆಲ್ ಪ್ರೊಟೊಕಾಲ್ ಎಲ್2ಎಫ್ ಕೂಡ ಅದೇ ಪೋರ್ಟ್ ಬಳಸುತ್ತದೆ. ಹೆಡರ್‌ನಲ್ಲಿ ವರ್ಷನ್ 1 ಇದ್ದರೆ ಎಲ್2ಎಫ್, 2 ಇದ್ದರೆ ಎಲ್2ಟಿಪಿ. ಎಲ್‌ಎಸಿ ಯಾವುದು ಕಳಿಸುತ್ತೆ ಅಂತ ಬರಹದಲ್ಲಿ ತರಿಸಿಕೊಳ್ಳಿ.

ಮೀಟರ್‌ಗಳಿಗೆ ಫರ್ಮ್‌ವೇರ್ ಇಳಿಸುವಾಗ ಅರ್ಧಕ್ಕೆ ನಿಲ್ಲುತ್ತಿತ್ತು. ಟನೆಲ್ ಹೆಡರ್‌ಗಳು ಸುಮಾರು 40 ಬೈಟ್ ತಿನ್ನುತ್ತವೆ, ದೊಡ್ಡ ಪ್ಯಾಕೆಟ್ ಒಡೆಯುತ್ತದೆ, ಒಡೆದ ಚೂರುಗಳನ್ನು ಮಧ್ಯದ ಫೈರ್‌ವಾಲ್ ಬಿಸಾಕುತ್ತಿತ್ತು. ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) 1460, ಟಿಸಿಪಿ ಎಂಎಸ್‌ಎಸ್ (ಅದರೊಳಗಿನ ಡೇಟಾದ ಗರಿಷ್ಠ ಗಾತ್ರ) 1420 ಮಾಡಿದ ಮೇಲೆ ಸರಿಹೋಯಿತು.

ಲೈಸೆನ್ಸ್ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತೆ. ಸೆಷನ್ ಲೈಸೆನ್ಸ್ ಹಿಂದಿನ ಮಾಲೀಕರ ಹೆಸರಲ್ಲಿ, ಆ ಚಾಸಿಯ ಸೀರಿಯಲ್ ನಂಬರ್‌ಗೆ ಕಟ್ಟಿತ್ತು. ಬಾಕ್ಸ್ ನಮ್ಮದಾಯಿತು, ಲೈಸೆನ್ಸ್ ಆಗಲಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಕೇಳಿದರೆ ತಯಾರಕರು ಬಾಗಿಲು ಹಾಕಿದರು.

ಹಾಗಾಗಿ ದುಡ್ಡು ಕೊಡುವ ಮೊದಲು ಮೂರು ವಿಷಯ ಕಾಗದದ ಮೇಲೆ ಬರೆಸಿಕೊಳ್ಳಿ: ರೇಡಿಯಸ್ ಅಕೌಂಟಿಂಗ್ ಆನ್ ಇದ್ದಾಗ ಸೆಕೆಂಡಿಗೆ ಎಷ್ಟು ಕರೆ ಎಬ್ಬಿಸುತ್ತೆ, ಪ್ರಾಕ್ಸಿ ಎಲ್‌ಸಿಪಿಯನ್ನು ಒಪ್ಪಿಕೊಳ್ಳುತ್ತಾ, ಲೈಸೆನ್ಸ್ ಯಾರ ಹೆಸರಿಗೆ ಬರುತ್ತೆ. ಐಪಿಸೆಕ್ (ಟನೆಲ್‌ನ ಡೇಟಾಗೆ ಎನ್‌ಕ್ರಿಪ್ಷನ್) ಬೇಕಿದ್ದರೆ ಅದನ್ನು ಹಾಕಿದ ಮೇಲಿನ ಲೆಕ್ಕವನ್ನೇ ಕೇಳಿ, ಅದಿಲ್ಲದ ಲೆಕ್ಕ ಬೇಡ. ಆಮೇಲೆ ನಿಮ್ಮದೇ ಎಲ್‌ಎಸಿಗೆ ಸಿಕ್ಕಿಸಿ, ನಿಮ್ಮಲ್ಲಿರುವ ಅತಿ ಹಳೆಯ ಮೋಡೆಮ್‌ನಿಂದ ಕರೆ ಮಾಡಿ ನೋಡಿ. ಕರೆಗಳು ತುಂಬಿರುವಾಗಲೇ ಟನೆಲ್ ಕೆಡವಿ, ಅದು ತಾನಾಗಿ ಎದ್ದು ನಿಲ್ಲುತ್ತಾ ನೋಡಿ. ಟೆಸ್ಟ್‌ಗೆ ಬಾಕ್ಸ್ ಕೊಡಲ್ಲ ಅನ್ನುವವರ ಹತ್ತಿರ ವ್ಯವಹಾರವೇ ಬೇಡ.