ಹ್ಯಾಂಡ್‌ಬುಕ್ ಹಳೆಯದಾಗದಿರಲು ಟೆಂಪ್ಲೇಟ್, ಸಾಫ್ಟ್‌ವೇರ್, ಕನ್ಸಲ್ಟೆಂಟ್: ಮೂರನ್ನೂ ಬಳಸಿ ನೋಡಿದ ಮೇಲೆ

ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಎಚ್‌ಆರ್ ಕೆಲಸ ನನ್ನದು. ಈಗ ನಾವು ಅರವತ್ತು ಜನ ಇದ್ದೇವೆ.

ರಜೆ, ಸಂಬಳ, ಕೆಲಸ ಬಿಡುವುದು, ಹೀಗೆ ಕಂಪನಿಯ ನಿಯಮಗಳನ್ನೆಲ್ಲ ಉದ್ಯೋಗಿಗಳಿಗೆ ತಿಳಿಸುವ ಪುಸ್ತಕವೇ ಹ್ಯಾಂಡ್‌ಬುಕ್. ಶುರುವಿನಲ್ಲಿ ಅದಕ್ಕೆ ಇಂಟರ್ನೆಟ್‌ನಿಂದ ಇಳಿಸಿಕೊಂಡ ಟೆಂಪ್ಲೇಟ್, ಅಂದರೆ ಸಿದ್ಧ ಮಾದರಿ, ಇತ್ತು. ಖರ್ಚಿಲ್ಲ, ಕಂಪನಿ ಹೆಸರು ಹಾಕಿ ಒಂದೇ ಮಧ್ಯಾಹ್ನದಲ್ಲಿ ಎಲ್ಲರಿಗೂ ಪಿಡಿಎಫ್ ಕಳಿಸಿಬಿಟ್ಟೆ. 2019ರಲ್ಲಿ ಐದು ತಿಂಗಳ ಗರ್ಭಿಣಿ ಸಹೋದ್ಯೋಗಿಯೊಬ್ಬರು ಅದರ ಪ್ರಿಂಟ್ ಹಿಡಿದು ಬಂದರು. ಹೆರಿಗೆ ರಜೆ 12 ವಾರ ಅನ್ನುವ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು. "ಮೇಡಂ, ಮೊದಲನೇ ಹೆರಿಗೆಗೆ 26 ವಾರ ಅಲ್ವಾ?" ಅಂದರು. ಹೌದು, ಕಾನೂನು 2017ರ ಏಪ್ರಿಲ್‌ನಲ್ಲೇ ಬದಲಾಗಿತ್ತು. ಅವರು ಕೇಳದೆ ಸುಮ್ನೆ ಇದ್ದಿದ್ದರೆ ಮಗುವಿನ ಜೊತೆ ಕಳೆಯಬೇಕಾದ 14 ವಾರ ಹೋಗುತ್ತಿತ್ತು, ಅದಕ್ಕೆ ಕಾರಣ ನಾನಾಗುತ್ತಿದ್ದೆ. ಅವತ್ತು ರಾತ್ರಿ ಕೂತು ಇಡೀ ಪುಸ್ತಕ ಓದಿದೆ. ಕಾರಣ ಹೇಳದೆ ಯಾರನ್ನಾದರೂ ಯಾವಾಗ ಬೇಕಾದರೂ ತೆಗೆಯಬಹುದು ಅಂತ ಒಂದು ಸಾಲಿತ್ತು. ಅದು ಅಮೆರಿಕದ ಪದ್ಧತಿ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಆರು ತಿಂಗಳು ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಇರಬೇಕು, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡಬೇಕು.

ಆಮೇಲೆ ಹ್ಯಾಂಡ್‌ಬುಕ್ ನೋಡಿಕೊಳ್ಳುವ ಸಾಫ್ಟ್‌ವೇರ್‌ಗೆ ಚಂದಾದಾರರಾದೆವು. ಯಾರು ಓದಿ ಒಪ್ಪಿಗೆ ಕೊಟ್ಟರು, ಹಿಂದಿನ ಆವೃತ್ತಿ ಹೇಗಿತ್ತು, ಎಲ್ಲ ದಾಖಲೆ ಅಚ್ಚುಕಟ್ಟಾಗಿರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಹಾರಾಷ್ಟ್ರ, ತಮಿಳುನಾಡು, ಎಲ್ಲ ಕಡೆಯ ಕಾನೂನು ಬದಲಾವಣೆಯ ಸೂಚನೆಗಳೂ ಬಂದು ಬೀಳುತ್ತಿದ್ದವು, ಅದರಲ್ಲಿ ನಮಗೆ ಬೇಕಾದದ್ದು ಹುಡುಕುವುದೇ ಕೆಲಸ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಕಾನೂನು ಬದಲಾಗದಿದ್ದರೂ ಕಂಪನಿ ಬೆಳೆಯುತ್ತದೆ. ಹತ್ತು ಜನ ಆದಾಗ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಬೇಕು, ಸದಸ್ಯರ ಅವಧಿ ಮೂರು ವರ್ಷ ಮೀರುವಂತಿಲ್ಲ. ಐವತ್ತು ಆದಾಗ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಬೇಕು. ನಾವು ಐವತ್ತು ದಾಟಿದ ತಿಂಗಳು ಆ ಸಾಫ್ಟ್‌ವೇರ್ ಒಂದು ಮಾತೂ ಹೇಳಲಿಲ್ಲ.

ಈಗ ಕಾರ್ಮಿಕ ಕಾನೂನು ತಿಳಿದ ಕನ್ಸಲ್ಟೆಂಟ್ ಒಬ್ಬರಿದ್ದಾರೆ. ಮೂರರಲ್ಲಿ ದುಬಾರಿ ಇದೇ. ಆದರೆ 2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಸಂಜೆಯೇ ಫೋನ್ ಮಾಡಿದರು. "ಕೆಲಸ ಬಿಟ್ಟವರ ಬಾಕಿ 45 ದಿನದಲ್ಲಿ ಕೊಡ್ತೀವಿ ಅಂತ ಬರೆದಿದ್ದೀರಲ್ಲ, ಮೊದಲು ಅದನ್ನ ತೆಗೀರಿ. ಇನ್ನು ಎರಡು ಕೆಲಸದ ದಿನದೊಳಗೆ ಸಂಬಳ ಕೊಡಬೇಕು" ಅಂದರು. ನಿಗದಿತ ಅವಧಿಯ ಒಪ್ಪಂದದ ಮೇಲೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಅನ್ನುವುದನ್ನೂ ಸೇರಿಸಲು ಹೇಳಿದರು. ಅದೇ ತಿಂಗಳು ಬಂದ ರಾಜ್ಯದ ಮುಟ್ಟಿನ ರಜೆ ಆದೇಶವೂ, ತಿಂಗಳಿಗೆ ಒಂದು ದಿನ ಸಂಬಳ ಸಹಿತ, ಅವರು ಹೇಳಿದ ಮೇಲೆಯೇ ನನ್ನ ಪಟ್ಟಿಗೆ ಬಂದದ್ದು.

ಒಂದೇ ರಾಜ್ಯದಲ್ಲಿ ಆಫೀಸ್ ಇರುವ ಸಣ್ಣ ಕಂಪನಿಗೆ ನಾನು ಕನ್ಸಲ್ಟೆಂಟ್ ಅಂತಲೇ ಹೇಳುತ್ತೇನೆ. ನಾಲ್ಕೈದು ರಾಜ್ಯಗಳಲ್ಲಿ ಶಾಖೆ ಇದ್ದರೆ ಸಾಫ್ಟ್‌ವೇರೂ ಬೇಕಾಗುತ್ತದೆ. ಟೆಂಪ್ಲೇಟ್ ಬರೀ ಅಧ್ಯಾಯಗಳ ಹೆಸರು ನೋಡಿಕೊಳ್ಳಲು ಸಾಕು, ಅದರ ಒಂದು ಸಾಲನ್ನೂ ಹಾಗೇ ಇಟ್ಟುಕೊಳ್ಳಬೇಡಿ.

ಯಾವ ದಾರಿ ಹಿಡಿದರೂ ಒಂದು ಶೀಟ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ನನ್ನದರಲ್ಲಿ ಪ್ರತಿ ನಿಯಮದ ಎದುರು ಅದು ಯಾವ ಕಾಯ್ದೆಯದು, ಕೊನೆಗೆ ನೋಡಿದ ದಿನ, ನೋಡಿದವರ ಹೆಸರು, ಎಷ್ಟು ಜನ ಆದಾಗ ಬದಲಾಗುತ್ತದೆ ಅನ್ನುವುದಿದೆ. ಹೆರಿಗೆ ರಜೆಯ ಸಾಲು ಎಲ್ಲಕ್ಕಿಂತ ಮೇಲಿದೆ.