ಸ್ಲೀಪ್ ಆಪ್ನಿಯಾಗೆ ಬಾಯಿಯ ಪ್ಲೇಟ್: ಕೂರಿಸಿಕೊಡುವ ಡಾಕ್ಟರ್ ಸರಿಯಾಗಿದ್ದರೆ ಮಾತ್ರ

ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿ ಪದೇ ಪದೇ ಉಸಿರು ನಿಲ್ಲುವ ತೊಂದರೆ ಇರುವವರು ರಾತ್ರಿ ಬಾಯಿಗೆ ಹಾಕಿಕೊಂಡು ಮಲಗುವ ಪ್ಲೇಟ್ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಹತ್ತಿರ ಇರುವುದು ಎರಡು ತುಂಡಿನದು, ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು. ಪಕ್ಕದಲ್ಲಿ ಸಣ್ಣ ಸ್ಕ್ರೂ ಇದೆ. ಅದನ್ನು ತಿರುಗಿಸಿದರೆ ಕೆಳದವಡೆ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಬರುತ್ತದೆ, ಅದರ ಜೊತೆ ನಾಲಿಗೆಯ ಬುಡವೂ ಮುಂದೆ ಬರುತ್ತದೆ, ಗಂಟಲಿನ ದಾರಿ ತೆರೆದುಕೊಳ್ಳುತ್ತದೆ. ಕೇಳುವುದಕ್ಕೆ ಇಷ್ಟೇ. ಆದರೆ ಇದು ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಅದನ್ನು ನಿಮ್ಮ ಬಾಯಿಗೆ ಕೂರಿಸಿಕೊಟ್ಟವರ ಕೈಯಲ್ಲಿದೆ. ಹಾಗಾಗಿ ಇದನ್ನು ಪ್ಲೇಟ್‌ಗಿಂತ ಜಾಸ್ತಿ ಕ್ಲಿನಿಕ್‌ನ ರಿವ್ಯೂ ಅಂತ ಓದಿಕೊಳ್ಳಿ.

ನಾನು ಮೈಸೂರಿನವಳು, ವಯಸ್ಸು 53. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಈ ತೊಂದರೆ ಜಾಸ್ತಿಯಾಗುತ್ತದೆ, ಆದರೆ ಯಾರಿಗೂ ಅನುಮಾನ ಬರುವುದಿಲ್ಲ. ಗೊರಕೆ ಅಂದರೆ ಗಂಡಸರದ್ದು ಅಂತ ನಮ್ಮ ಮನೆಗಳಲ್ಲಿ ತೀರ್ಮಾನವಾಗಿ ಹೋಗಿದೆ ಅಲ್ವಾ. ಬೆಳಿಗ್ಗೆ ತಲೆನೋವು, ರಾತ್ರಿ ಪದೇ ಪದೇ ಬಾತ್‌ರೂಮಿಗೆ ಏಳುವುದು, ಬ್ಯಾಂಕ್‌ನಲ್ಲಿ ಮಧ್ಯಾಹ್ನ ಕಣ್ಣು ಎಳೆಯುವುದು, ಇದಕ್ಕೆಲ್ಲ ಶುಗರ್ ಟೆಸ್ಟ್, ಥೈರಾಯ್ಡ್ ಟೆಸ್ಟ್ ಆಯಿತು. ಕೊನೆಗೆ ಶ್ವಾಸಕೋಶದ ಡಾಕ್ಟರ್ ಮನೆಯಲ್ಲೇ ಮಾಡುವ ನಿದ್ರೆ ಪರೀಕ್ಷೆ ಬರೆದುಕೊಟ್ಟರು. ಬೆರಳಿಗೊಂದು ಕ್ಲಿಪ್, ಮೂಗಿಗೊಂದು ಸಣ್ಣ ಟ್ಯೂಬ್, ಎದೆಗೊಂದು ಬೆಲ್ಟ್. ರಿಪೋರ್ಟ್‌ನಲ್ಲಿ ಎಎಚ್‌ಐ 24 ಬಂತು. ಅಂದರೆ ಗಂಟೆಗೆ ಸರಾಸರಿ 24 ಸಲ ಉಸಿರು ನಿಂತಿದೆ ಇಲ್ಲವೇ ತುಂಬಾ ಕಡಿಮೆಯಾಗಿದೆ, ಒಂದೊಂದು ಸಲವೂ ಕನಿಷ್ಠ 10 ಸೆಕೆಂಡ್. 5ರಿಂದ 15ರವರೆಗೆ ಕಡಿಮೆ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ನನ್ನದು ಮಧ್ಯಮ.

ಮೊದಲು ಕೊಟ್ಟಿದ್ದು ಸಿಪ್ಯಾಪ್ ಮೆಷಿನ್, ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲಿನ ದಾರಿ ತೆರೆದಿಡುವಂಥದ್ದು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಕಂಡುಹಿಡಿದಿದ್ದು. ಇವತ್ತಿಗೂ ಉಸಿರು ನಿಲ್ಲುವುದನ್ನು ತಡೆಯುವುದರಲ್ಲಿ ಅದನ್ನು ಮೀರಿಸಿದ್ದು ಇಲ್ಲ. ಯಾರಿಗೆ ಅದು ಒಗ್ಗುತ್ತದೋ ಅವರು ಅದನ್ನೇ ಬಳಸಿ, ದಯವಿಟ್ಟು ಈ ರಿವ್ಯೂ ಓದಿ ಬಿಡಬೇಡಿ. ನನಗೆ ಒಗ್ಗಲಿಲ್ಲ. ಮಾಸ್ಕ್ ಬದಲಾಯಿಸಿದೆ, ಗಾಳಿಗೆ ತೇವ ಕೊಡುವ ಡಬ್ಬಿ ಹಾಕಿಸಿದೆ, ಆದರೂ ಕಣ್ಣಿಗೆ ಗಾಳಿ ಹೊಡೆಯುತ್ತಿತ್ತು, ಅರ್ಧ ರಾತ್ರಿಗೆ ಕಿತ್ತು ಪಕ್ಕಕ್ಕಿಡುತ್ತಿದ್ದೆ. ಪಕ್ಕಕ್ಕಿಟ್ಟ ಮೆಷಿನ್‌ನಿಂದ ಯಾರಿಗೂ ಉಪಯೋಗ ಇಲ್ಲ. ಆಗ ಡಾಕ್ಟರೇ ಪ್ಲೇಟ್ ವಿಷಯ ಎತ್ತಿದರು.

ಆನ್‌ಲೈನ್‌ನಲ್ಲಿ ಸಿಗುವ, ಬಿಸಿನೀರಿಗೆ ಹಾಕಿ ಕಚ್ಚುವ ಪ್ಲೇಟ್ ಬಗ್ಗೆ ಎರಡು ಮಾತು. ನಮ್ಮ ಅಕ್ಕನ ಮಗ ಒಂದು ತರಿಸಿಕೊಂಡಿದ್ದ. ದಪ್ಪ, ತುಟಿ ಮುಚ್ಚುವುದಿಲ್ಲ, ನಿದ್ದೆಯಲ್ಲಿ ಜಾರಿ ಬಿದ್ದುಹೋಗುತ್ತದೆ. ದವಡೆ ಎಷ್ಟು ಮುಂದೆ ಬರಬೇಕು ಅನ್ನುವುದನ್ನು ನೀವೇ ಕನ್ನಡಿ ಮುಂದೆ ನಿಂತು ಅಂದಾಜಿನ ಮೇಲೆ ಕಚ್ಚಬೇಕು. 2015ರಲ್ಲಿ ಅಮೆರಿಕದ ನಿದ್ರಾವೈದ್ಯರ ಸಂಘ ಮತ್ತು ಈ ಕೆಲಸ ಮಾಡುವ ದಂತವೈದ್ಯರ ಸಂಘ ಸೇರಿ ಕೊಟ್ಟ ಮಾರ್ಗಸೂಚಿಯಲ್ಲೂ ನಮ್ಮ ಬಾಯಿಯ ಅಳತೆಗೇ ಮಾಡಿಸಿದ, ಹೆಚ್ಚು ಕಡಿಮೆ ಮಾಡಲು ಬರುವ ಪ್ಲೇಟ್ ಇರಲಿ ಅಂತಲೇ ಹೇಳಿದ್ದಾರೆ.

ಹಾಗಂತ ಅಳತೆ ಕೊಟ್ಟು ಮಾಡಿಸಿದ ಮಾತ್ರಕ್ಕೆ ಸರಿ ಇರುತ್ತದೆ ಅಂತಲೂ ಇಲ್ಲ. ನಾನು ಮೊದಲು ಹೋದ ಹಲ್ಲಿನ ಕ್ಲಿನಿಕ್‌ನ ಹೆಸರು ಬೇಡ. ದೊಡ್ಡ ಬೋರ್ಡ್, ಒಳ್ಳೆ ಎಸಿ, ಕೂತ ತಕ್ಷಣ ಅಚ್ಚು ತೆಗೆದರು. ದವಡೆ ಎಷ್ಟು ಮುಂದೆ ಹೋಗುತ್ತದೆ ಅಂತ ಅಳೆಯಲಿಲ್ಲ. ನಿದ್ರೆ ಪರೀಕ್ಷೆಯ ರಿಪೋರ್ಟ್ ಕೈಯಲ್ಲಿ ಹಿಡಿದು ಹೋಗಿದ್ದೆ, ತೆರೆದು ನೋಡಲಿಲ್ಲ. "ನೈಟ್ ಗಾರ್ಡ್ ಥರಾನೇ ಮೇಡಂ" ಅಂದರು. ಆ ಮಾತು ನೆನಪಿದೆ, ಏಕೆಂದರೆ ಅದು ತಪ್ಪು. ನೈಟ್ ಗಾರ್ಡ್ ಅನ್ನುವುದು ಹಲ್ಲು ಕಡಿಯುವವರಿಗೆ ಕೊಡುವಂಥದ್ದು, ಅದು ದವಡೆಯನ್ನು ಮುಂದೆ ತರುವುದಿಲ್ಲ, ಆಪ್ನಿಯಾ ಇರುವ ಕೆಲವರಿಗೆ ಅದರಿಂದ ತೊಂದರೆ ಇನ್ನೂ ಜಾಸ್ತಿಯಾಗಬಹುದು. ನನಗೆ ಬಂದಿದ್ದು ಎರಡೂ ದವಡೆಯನ್ನು ಸೇರಿಸಿದ ಒಂದೇ ತುಂಡಿನ ಪ್ಲೇಟ್. ಸ್ಕ್ರೂ ಇಲ್ಲ, ಏನೂ ಇಲ್ಲ. ಮುಂದಿನ ಹಲ್ಲುಗಳ ಮೇಲೇ ಭಾರವೆಲ್ಲ ಬೀಳುತ್ತಿತ್ತು. ಬೆಳಿಗ್ಗೆ ರೊಟ್ಟಿ ಕಚ್ಚಲು ಆಗುತ್ತಿರಲಿಲ್ಲ. ಹೋಗಿ ಹೇಳಿದರೆ ಅಭ್ಯಾಸ ಆಗುತ್ತೆ ಅಂದು ಕಳಿಸಿದರು. ಹೊಸ ಪ್ಲೇಟ್ ಹಾಕಿದ ಶುರುವಿನಲ್ಲಿ ಸ್ವಲ್ಪ ಬಿಗಿತ, ಸ್ವಲ್ಪ ನೋವು ಎಲ್ಲರಿಗೂ ಇರುತ್ತದೆ, ನಿಜ. ಆದರೆ ಒಂದೇ ಹಲ್ಲಿನಲ್ಲಿ, ಅದೂ ದಿನದಿಂದ ದಿನಕ್ಕೆ ಜಾಸ್ತಿಯಾಗುವ ನೋವು ಅಭ್ಯಾಸದಿಂದ ಹೋಗುವಂಥದ್ದಲ್ಲ, ಅದು ಫಿಟ್ ತಪ್ಪಿರುವುದರ ಗುರುತು. ಇದನ್ನು ನನಗೆ ಹೇಳಿಕೊಟ್ಟಿದ್ದು ಎರಡನೇ ಡಾಕ್ಟರ್.

ಎರಡನೇ ಕಡೆ ಕ್ಲಿನಿಕ್ ಚಿಕ್ಕದು, ಕಾಯಬೇಕು, ಪಾರ್ಕಿಂಗ್ ಇಲ್ಲ. ಆದರೆ ಕೆಲಸ ಎಂಥದ್ದು ಅಂತೀರಾ! ಮೊದಲ ಭೇಟಿಯಲ್ಲಿ ಅಚ್ಚೇ ತೆಗೆಯಲಿಲ್ಲ. ರಿಪೋರ್ಟ್ ಓದಿದರು. ಶ್ವಾಸಕೋಶದ ಡಾಕ್ಟರಿಂದ ಪ್ಲೇಟ್ ಹಾಕಬಹುದು ಅಂತ ಒಂದು ಚೀಟಿ ಬೇಕು ಅಂದರು. ಆಪ್ನಿಯಾ ಇದೆಯೋ ಇಲ್ಲವೋ ಅಂತ ಹೇಳುವುದು ಹಲ್ಲಿನ ಡಾಕ್ಟರ ಕೆಲಸ ಅಲ್ಲ, ಪ್ಲೇಟ್ ಕೂರಿಸುವುದು ಮಾತ್ರ ಅವರ ಕೆಲಸ, ಇಬ್ಬರೂ ಮಾತಾಡಿಕೊಂಡು ಮಾಡಬೇಕು. ಆಮೇಲೆ ಒಸಡು ನೋಡಿದರು, ಅಲ್ಲಾಡುವ ಹಲ್ಲು ಇದೆಯಾ ನೋಡಿದರು, ಕಿವಿಯ ಮುಂದಿನ ಕೀಲಿನ ಮೇಲೆ ಬೆರಳಿಟ್ಟು ಬಾಯಿ ತೆಗೆದು ಮುಚ್ಚಿಸಿದರು. ನನ್ನ ಕೆಳಗಿನ ಒಂದು ದವಡೆ ಹಲ್ಲಿಗೆ ಕ್ಯಾಪ್ ಹಾಕಿಸುವುದು ಬಾಕಿ ಇತ್ತು. ಅದನ್ನು ಮೊದಲು ಮುಗಿಸಿ ಬನ್ನಿ ಅಂದರು. ಪ್ಲೇಟ್ ಮಾಡಿಸಿದ ಮೇಲೆ ಕ್ಯಾಪ್ ಹಾಕಿಸಿದರೆ ಹಲ್ಲಿನ ಆಕಾರ ಬದಲಾಗಿ ಪ್ಲೇಟ್ ಕೂರುವುದಿಲ್ಲ. ಯಾರಿಗಾದರೂ ಇಂಥ ಕೆಲಸ ಬಾಕಿ ಇದ್ದರೆ ಗಮನದಲ್ಲಿಡಿ, ದುಡ್ಡು ಉಳಿಯುತ್ತದೆ.

ಅಳತೆಯ ದಿನ ಜಾರ್ಜ್ ಗೇಜ್ ಅನ್ನುವ ಸಾಧನ ತಂದರು. ಪ್ಲಾಸ್ಟಿಕ್‌ನದ್ದು, ಮೇಲೆ ಮಿಲಿಮೀಟರ್ ಗೀಟುಗಳಿವೆ, ಮುಂದಿನ ಹಲ್ಲುಗಳ ಮಧ್ಯೆ ಹಿಡಿದುಕೊಳ್ಳುವುದು. ದವಡೆಯನ್ನು ಪೂರ್ತಿ ಹಿಂದೆ ಎಳೆದುಕೊಳ್ಳಿ ಅಂದರು, ಗೀಟು ನೋಡಿದರು. ಪೂರ್ತಿ ಮುಂದೆ ತನ್ನಿ ಅಂದರು, ಮತ್ತೆ ನೋಡಿದರು. ನನ್ನದು ಒಟ್ಟು 10 ಮಿಲಿಮೀಟರ್. ಅದರಲ್ಲಿ ಶುರುವಿಗೆ 6 ಸಾಕು ಅಂತ ಅಲ್ಲಿಗೆ ನಿಲ್ಲಿಸಿ, ಆ ಜಾಗದಲ್ಲೇ ಕಚ್ಚಿಸಿ, ಮೇಣದಂಥ ಪೇಸ್ಟ್ ಹಾಕಿ ಗಟ್ಟಿಯಾಗುವವರೆಗೂ ಅಲ್ಲಾಡದಂತೆ ಕೂರಿಸಿದರು. ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲರ ಒಳಗೆ ಎಲ್ಲೋ ಶುರು ಮಾಡುತ್ತಾರಂತೆ. ಈ ಒಂದು ಅಳತೆ ತೆಗೆಯದೆ ಯಾರಾದರೂ ಪ್ಲೇಟ್ ಆರ್ಡರ್ ಹಾಕಿದರೆ ಅಲ್ಲಿಂದ ಎದ್ದು ಬನ್ನಿ. ನಾನು ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಪ್ಲೇಟ್ ಬಂದ ದಿನ ಕುರ್ಚಿಯಲ್ಲಿ ತುಂಬಾ ಹೊತ್ತು ಕೂತಿದ್ದೆ. ಮೇಲಿನದು ಟಕ್ ಅಂತ ಕೂತಿತು. ಕೆಳಗಿನದು ಬಲಗಡೆ ಬಿಗಿ, ಎಡಗಡೆ ಸ್ವಲ್ಪ ಎದ್ದಿತ್ತು, ನಾಲಿಗೆ ತಾಗಿಸಿದರೆ ಸಂದು ಗೊತ್ತಾಗುತ್ತಿತ್ತು. ಒತ್ತಿ ಕೂರಿಸಿ ಕಳಿಸಲಿಲ್ಲ ಆ ಡಾಕ್ಟರ್. ಎಲ್ಲಿ ಒತ್ತುತ್ತಿದೆ ಅಂತ ನೋಡಲು ಒಳಗೆ ಬಿಳಿ ಪೇಸ್ಟ್ ಸವರಿ ಹಾಕಿದರು, ತೆಗೆದರೆ ಒಂದು ಹಲ್ಲಿನ ಜಾಗದಲ್ಲಿ ಪೇಸ್ಟ್ ಪೂರ್ತಿ ಒರೆಸಿಹೋಗಿತ್ತು. ಅಷ್ಟು ಜಾಗ ಮಾತ್ರ ಸಣ್ಣ ಡ್ರಿಲ್‌ನಿಂದ ಕೆರೆದರು, ಬಿಳಿ ಪುಡಿ ಹಾರಿತು, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಮತ್ತೆ ಪೇಸ್ಟ್, ಮತ್ತೆ ಕೆರೆತ. ಕೂತ ಮೇಲೆ ಮೇಲಿನದಕ್ಕೂ ಕೆಳಗಿನದಕ್ಕೂ ಮಧ್ಯೆ ನೀಲಿ ಕಾಗದ ಇಟ್ಟು "ಟಪ್ ಟಪ್ ಅಂತ ಕಚ್ಚಿ ಮೇಡಂ" ಅಂದರು. ಗುರುತು ಬಲಗಡೆ ಕಡುನೀಲಿ, ಎಡಗಡೆ ಇಲ್ಲವೇ ಇಲ್ಲ. ಎರಡೂ ಕಡೆ ಒಂದೇ ಥರ ಗುರುತು ಬೀಳುವವರೆಗೂ ಬಿಡಲಿಲ್ಲ. ಕೊನೆಗೆ ತೆಳ್ಳನೆ ಹಾಳೆಯ ಒಂದು ಚೂರನ್ನು ಪ್ಲೇಟ್‌ಗಳ ಮಧ್ಯೆ ಸಿಕ್ಕಿಸಿ ಎಳೆದರು, ಎರಡೂ ಕಡೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಜಾರಿ ಬರಬಾರದು. ಭಾರ ಎರಡೂ ಕಡೆ ಸಮ ಬೀಳದಿದ್ದರೆ ಒಂದು ಕಡೆಯ ಕೀಲು ನೋಯುತ್ತದೆ. ಎದ್ದು ಹೋಗುವ ಮುಂಚೆ ತುಟಿ ಮುಚ್ಚಿಸಿದರು, ನೀರು ಕುಡಿಸಿದರು, ಬಾಯಿ ಅಗಲ ತೆಗೆಸಿ ಪ್ಲೇಟ್ ಕಳಚುತ್ತದಾ ನೋಡಿದರು, ಹಾಕಿ ತೆಗೆಯುವುದನ್ನು ನನ್ನ ಕೈಯಲ್ಲೇ ಮಾಡಿಸಿದರು. ಪ್ಲೇಟನ್ನು ಎರಡೂ ಕಡೆಯಿಂದ ಒಟ್ಟಿಗೆ ಎಬ್ಬಿಸಿ ತೆಗೆಯಬೇಕು. ಒಂದೇ ಕಡೆಯಿಂದ ಎಳೆದರೆ ಬಿರುಕು ಬಿಡುತ್ತದೆ.

ಸ್ಕ್ರೂ ತಿರುಗಿಸುವುದಕ್ಕೆ ಒಂದು ಪುಟ್ಟ ಕೀಲಿ ಕೊಟ್ಟಿದ್ದಾರೆ. ಇದರಲ್ಲಿ ಅವಸರ ಬೇಡವೇ ಬೇಡ. ಒಂದು ಸಲ ತಿರುಗಿಸಿದರೆ ಮಿಲಿಮೀಟರ್‌ನ ಒಂದು ಸಣ್ಣ ಭಾಗ ಮಾತ್ರ ಸರಿಯುತ್ತದೆ. ಎರಡೂ ಕಡೆ ಒಂದೇ ಲೆಕ್ಕ, ಕೆಲವು ರಾತ್ರಿ ಹಾಗೇ ಮಲಗಿ ನೋಡುವುದು, ದವಡೆ ನೋವಿಲ್ಲದಿದ್ದರೆ ಮುಂದಿನದು, ನೋವಿದ್ದರೆ ಒಂದು ಸುತ್ತು ಹಿಂದೆ. ನಮ್ಮ ಯಜಮಾನರು ಒಂದು ನೋಟ್‌ಬುಕ್‌ನಲ್ಲಿ ಗೊರಕೆ ಇತ್ತು, ಕಡಿಮೆ ಇತ್ತು, ಇರಲಿಲ್ಲ ಅಂತ ಬರೆದಿಡುತ್ತಿದ್ದರು. ಆ ನೋಟ್‌ಬುಕ್ ಡಾಕ್ಟರಿಗೆ ತುಂಬಾ ಉಪಯೋಗಕ್ಕೆ ಬಂತು. ಏಳೂವರೆ ಮಿಲಿಮೀಟರ್ ಹತ್ತಿರ ಬಂದಾಗ ತಲೆನೋವು ಹೋಯಿತು, ರಾತ್ರಿ ಏಳುವುದು ನಿಂತಿತು. ಅದಕ್ಕಿಂತ ಮುಂದೆ ಹೋಗಿ ನೋಡಿದಾಗ ಕೀಲು ನೋಯಿತು, ಲಾಭ ಏನೂ ಕಾಣಲಿಲ್ಲ, ಹಿಂದಕ್ಕೆ ಬಂದೆವು.

ಇಲ್ಲಿಗೆ ಮುಗಿಯಿತು ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಗೊರಕೆ ನಿಂತರೂ ಉಸಿರು ನಿಲ್ಲುವುದು ಹಾಗೇ ಇರಬಹುದು. ಪ್ಲೇಟ್ ಬಾಯಲ್ಲಿ ಇಟ್ಟುಕೊಂಡೇ ಮತ್ತೊಮ್ಮೆ ನಿದ್ರೆ ಪರೀಕ್ಷೆ ಮಾಡಿಸಬೇಕು. ನನ್ನ ಡಾಕ್ಟರ್ ಇದನ್ನು ಮೊದಲ ದಿನವೇ ಹೇಳಿದ್ದರು, ಮಾಡಿಸುವವರೆಗೂ ಬಿಡಲಿಲ್ಲ. ಎರಡನೇ ರಿಪೋರ್ಟ್‌ನಲ್ಲಿ ಎಎಚ್‌ಐ 7. ಸೊನ್ನೆ ಏನಲ್ಲ, ಸಿಪ್ಯಾಪ್‌ನಲ್ಲಿ ಇನ್ನೂ ಕಡಿಮೆ ಬರುತ್ತಿತ್ತೇನೋ. ಆದರೆ ಇದನ್ನು ರಾತ್ರಿ ಪೂರ್ತಿ ಹಾಕಿಕೊಂಡಿರುತ್ತೇನೆ, ಅದನ್ನು ಹಾಕಿಕೊಳ್ಳುತ್ತಿರಲಿಲ್ಲ. ಇಬ್ಬರು ಡಾಕ್ಟರೂ ಇದನ್ನೇ ಮುಂದುವರಿಸಿ ಅಂದಿದ್ದಾರೆ.

ತೊಂದರೆಗಳೂ ಇವೆ. ಶುರುವಿನಲ್ಲಿ ಜೊಲ್ಲು ಜಾಸ್ತಿ, ದಿಂಬಿನ ಮೇಲೆ ಟವೆಲ್ ಹಾಸಿಕೊಂಡು ಮಲಗುತ್ತಿದ್ದೆ. ಪಕ್ಕದ ರೆಕ್ಕೆಯಂಥ ಭಾಗ ಎಡಗೆನ್ನೆಯ ಒಳಗೆ ಉಜ್ಜಿ ಹುಣ್ಣಾಯಿತು, ಹೋದೆ, ಅಂಚು ನಯ ಮಾಡಿಕೊಟ್ಟರು, ವಾಸಿಯಾಯಿತು. ಮುಖ್ಯವಾದದ್ದು ಬೆಳಗಿನ ಕಚ್ಚು. ಪ್ಲೇಟ್ ತೆಗೆದ ತಕ್ಷಣ ಹಿಂದಿನ ಹಲ್ಲುಗಳು ಒಂದಕ್ಕೊಂದು ಸೇರುವುದಿಲ್ಲ, ಮುಂದಿನವು ಮಾತ್ರ ತಾಗುತ್ತವೆ. ಅದಕ್ಕೇ ಅಂತ ಒಂದು ಚಿಕ್ಕ ಅಚ್ಚು ಕೊಟ್ಟಿದ್ದಾರೆ, ನಮ್ಮ ಮಾಮೂಲಿ ಕಚ್ಚಿನ ಅಳತೆಯದ್ದು. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯುವವರೆಗೆ ಅದನ್ನು ಕಚ್ಚಿಕೊಂಡಿರುತ್ತೇನೆ, 10-15 ನಿಮಿಷ, ಆಮೇಲೆ ಎಲ್ಲ ಜಾಗಕ್ಕೆ ಬಂದಿರುತ್ತದೆ. ಇದನ್ನು ತಪ್ಪಿಸಬೇಡಿ. ವರ್ಷಗಟ್ಟಲೆ ಬಳಸಿದರೆ ಕಚ್ಚು ನಿಧಾನಕ್ಕೆ ಬದಲಾಗುವುದು ಇದೆ, ಕೆಲವರಿಗೆ ಅದು ಶಾಶ್ವತವೂ ಆಗುತ್ತದೆ. ಆ ಮಾತನ್ನು ಮುಂಚೆಯೇ ಹೇಳಿ, ಬರೆದು, ಸಹಿ ಹಾಕಿಸಿಕೊಂಡರು. ಭಯ ಆಯಿತು, ಆದರೆ ಹೇಳಿದ್ದಕ್ಕೆ ಗೌರವ ಜಾಸ್ತಿಯಾಯಿತು.

ತೊಳೆಯುವುದಕ್ಕೆ ತಣ್ಣೀರು, ಮೆತ್ತನೆ ಬ್ರಷ್, ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ಬಿಸಿನೀರಂತೂ ಮುಟ್ಟಿಸಲೇಬೇಡಿ, ಸೊಟ್ಟಗಾದರೆ ಅಷ್ಟೂ ಫಿಟ್ಟಿಂಗ್ ಹೋಯಿತು. ಬಿಸಿಲಲ್ಲಿ ನಿಂತ ಕಾರಿನೊಳಗೂ ಇಡಬೇಡಿ.

ಎಲ್ಲರಿಗೂ ಇದು ಆಗುವುದಿಲ್ಲ. ಪೂರ್ತಿ ಹಲ್ಲು ಸೆಟ್ ಇರುವವರಿಗೆ ಹಿಡಿತ ಸಿಗುವುದಿಲ್ಲ. ಒಸಡು ಕೆಟ್ಟಿದ್ದರೆ, ಕೀಲು ನೋವಿದ್ದರೆ ಮೊದಲು ಅದರ ಚಿಕಿತ್ಸೆ. ಎಎಚ್‌ಐ 30 ದಾಟಿದವರು, ಆಕ್ಸಿಜನ್ ತುಂಬಾ ಇಳಿಯುವವರು ಮೊದಲು ಸಿಪ್ಯಾಪ್ ನೋಡಲೇಬೇಕು.

ಕ್ಲಿನಿಕ್‌ಗೆ 5ಕ್ಕೆ 4 ಕೊಡುತ್ತೇನೆ. ಕಡಿಮೆ ಮಾಡಿದ ಒಂದು ದುಡ್ಡಿನ ವಿಷಯಕ್ಕೆ. ಪ್ಲೇಟ್‌ನ ರೇಟ್ ಮೊದಲೇ ಹೇಳಿದರು, ಬೆಳಗಿನ ಅಚ್ಚಿಗೆ ಬೇರೆ, ಆಮೇಲಿನ ಭೇಟಿಗಳಿಗೆ ಬೇರೆ ಅನ್ನುವುದು ಬಿಲ್ ಬಂದಾಗ ಗೊತ್ತಾಯಿತು. ಈ ಚಿಕಿತ್ಸೆಯಲ್ಲಿ ಸರಿಮಾಡಿಸಿಕೊಳ್ಳಲು ಹೋಗುವ ಭೇಟಿಗಳೇ ಮುಖ್ಯ, ಪ್ರತಿ ಸಲ ಫೀಸು ಅಂದರೆ ಕೈಯಲ್ಲಿ ಕಾಸಿಲ್ಲದವರು ನೋವು ತಡೆದುಕೊಂಡು ಮನೆಯಲ್ಲೇ ಇದ್ದುಬಿಡುತ್ತಾರೆ. ಇದನ್ನು ಡಾಕ್ಟರಿಗೂ ಹೇಳಿದ್ದೇನೆ. ನೀವು ಹೋದರೆ ಎಷ್ಟು ಭೇಟಿ ಸೇರಿದೆ, ಮೊದಲ ವರ್ಷ ಮುರಿದರೆ ಯಾರ ಖರ್ಚು ಅಂತ ಅಚ್ಚು ತೆಗೆಯುವ ಮುಂಚೆ ಬರೆಸಿಕೊಳ್ಳಿ. ಹಾಗೇ ನಿಮ್ಮ ಹಲ್ಲಿನ ಮೊದಲ ಅಚ್ಚನ್ನು ಜೋಪಾನವಾಗಿ ಇಟ್ಟಿರಲು ಹೇಳಿ. ಪ್ರತಿ ವರ್ಷ ತೋರಿಸಲು ಹೋದಾಗ ಕಚ್ಚು ಎಷ್ಟು ಬದಲಾಗಿದೆ ಅಂತ ಅದರ ಪಕ್ಕದಲ್ಲಿಟ್ಟೇ ನೋಡುತ್ತಾರೆ.